ಮೇಲ್ದವಡೆ: ಎರಡು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದುಗಡೆ, ಮಹಡಿ ಮೆಟ್ಟಿಲ ಕೆಳಗೆ
ಹಲ್ಲುಸೆಟ್ಟು ಕಟ್ಟುವವನು ನಾನು.
ಹಾಸನದ ಅರ್ಧ ಮುದುಕರು ಚಕ್ಕುಲಿ ಕಡಿಯುವುದು
ನನ್ನ ಕೈಗುಣದಿಂದ ಅಂತ ನನ್ನ ಹೆಂಡತಿ ಹೇಳುತ್ತಾಳೆ.
ಅವಳಿಗೆ ಲೆಕ್ಕ ಬರದು.

ಒಂದು ಬೆಳಿಗ್ಗೆ ಗಾರ್ಡ್ ಕಾಂತರಾಜು
ಮೀನಿನ ಥರ್ಮಕೋಲ್ ಡಬ್ಬ ತಂದು ಮೇಜಿನ ಮೇಲಿಟ್ಟ.
ಒಳಗೆ ಕೊಳಕುಮಂಡಲ,
ಮೂರೂವರೆ ಅಡಿ, ಐಸಿನ ನಡುವೆ ಸಿಂಬೆ ಸುತ್ತಿಕೊಂಡು.
'ಇಲಾಖೆ ಕಾಗದ ಇದೆ, ಅಚ್ಚು ತೆಗೆದು ಕೊಡಿ.
ಆಶಾ ಕಾರ್ಯಕರ್ತೆಯರು ಊರೂರಿಗೆ ಒಯ್ದು ತೋರಿಸ್ತಾರೆ,
ಇದು ಹೆಬ್ಬಾವಿನ ಮರಿಯಲ್ಲ ಅಂತ.
ಮೈಸೂರಲ್ಲಿ ಕೇಳಿದ ರೇಟಿಗೆ ಸಾಹೇಬರು ಬೆವೆತುಬಿಟ್ರು.'

ನಾನು ಅದುವರೆಗೆ ಅಚ್ಚು ತೆಗೆದದ್ದೆಲ್ಲ
'ಆ' ಅನ್ನಿ ಎಂದರೆ 'ಆ' ಅನ್ನುವವರದು.
ಇದಕ್ಕೆ ಅನ್ನಲು ತಲೆಯೇ ಇರಲಿಲ್ಲ.
ದೊಣ್ಣೆ ಸರಿಯಾಗಿ ಅಲ್ಲಿಗೇ ಬಿದ್ದಿತ್ತು.
ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತಾರೆ;
ಕೋಲಿನ ಸಮಾಚಾರ ನಾನು ಕೇಳಲಿಲ್ಲ.

ಗುಲಾಬಿ ಹಿಟ್ಟು ಕಲಸಿದೆ,
ಬಾಯಿ ಅಳತೆಗೆ ಬಳಸುವ ಅದೇ ಪುಡಿ, ಪುದೀನ ವಾಸನೆಯದು.
ಬೇಗ ಗಟ್ಟಿಯಾಗುತ್ತದೆ, ಯೋಚನೆಗೆ ಟೈಮು ಕೊಡುವುದಿಲ್ಲ.
ಪ್ಲಾಸ್ಟರ್ ಹುಯ್ದು ಬಿಡಿಸಿದಾಗ
ಒಂದೊಂದು ಹುರುಪೆ, ಹುರುಪೆಯ ನಡುವಿನ ಏಣು,
ನೆಲ್ಲುಸಿಪ್ಪೆಯ ಮೇಲಿನ ಗೆರೆಯ ಹಾಗೆ.
ಮೂವತ್ತು ವರ್ಷದಲ್ಲಿ ಯಾವ ವಸಡೂ
ಇಷ್ಟು ಪ್ರಾಮಾಣಿಕವಾಗಿ ಮೂಡಿರಲಿಲ್ಲ.
ಬಾಲದ ಹತ್ತಿರ ಹಳೇ ಗಾಯ, ಮುಂಗುಸಿಯದೋ ಕುಡುಗೋಲಿನದೋ.
ಅದನ್ನು ಉಜ್ಜಿ ಅಳಿಸಲಿಲ್ಲ.

ನಾಗರವಾಗಿದ್ದರೆ ಬೀದಿಯವರೆಲ್ಲ
ತುಪ್ಪ, ಗಂಧದ ಚೂರು ತರುತ್ತಿದ್ದರು.
ಮಂಡಲಕ್ಕೆ ಯಾರ ಹಾಲೂ ಇಲ್ಲ.
ಕಾಂತರಾಜು ಸಹಿ ಹಾಕಿಸಿಕೊಂಡು ಒಯ್ದು
ಡಿಪೋ ಹಿಂದೆ ಸುಟ್ಟ.

ತಲೆಯನ್ನು ಚಿತ್ರ ನೋಡಿ ಮೇಣದಲ್ಲಿ ಕೆತ್ತಿದೆ.
'ಬಾಯಿ ಪೂರಾ ತೆರೆದಿರಲಿ,' ಅಂದಿದ್ದರು ಡಾಕ್ಟರಮ್ಮ,
'ನೋಡಿದವರು ನಡುಗಬೇಕು.'
ತೆರೆದೆ. ವಸಡಿನ ಬಣ್ಣ ನನ್ನಲ್ಲಿ ಬೇಕಾದಷ್ಟಿತ್ತು.
ಬಾಗಿದ ಎರಡು ಹಲ್ಲು, ದಬ್ಬಳದ ಮೊನೆಗಿಂತ ನವಿರು,
ರಾತ್ರಿ ಎರಡರ ತನಕ ಅರ ಹಾಕಿದೆ.
ಹಲ್ಲು ಕಿತ್ತ ಹಾವು ಅಂತ ಆಡಿಕೊಳ್ಳುವುದುಂಟು ಜನ;
ಹಾವಿಗೆ ಹಲ್ಲು ಕಟ್ಟಿದವನಿಗೆ ಏನಂತಾರೋ.

ಮೂರನೇ ದಿನ ಜವರಮ್ಮ ಬಂದಳು.
ಕೊಣನೂರು ಕಡೆಯವಳು, ಆಲೂಗಡ್ಡೆ ಅಗೆಯುವಾಗ ಕಚ್ಚಿಸಿಕೊಂಡು
ಜಿಲ್ಲಾಸ್ಪತ್ರೆಯಲ್ಲಿ ಹದಿನೆಂಟು ಸೀಸೆ ಔಷಧಿಗೆ ಬದುಕಿದವಳು.
ತೋರುಬೆರಳಿಗೆ ತುದಿಗೆಣ್ಣು ಇರಲಿಲ್ಲ.
ಆ ತಲೆಯನ್ನು ಹತ್ತಿರದಿಂದ ಕಂಡ ಸಾಕ್ಷಿ ಇವಳೊಬ್ಬಳೇ.
ಮೊಂಡು ಬೆರಳಿಂದಲೇ ಮೇಣದ ಹುಬ್ಬು ಸವರಿದಳು.

'ಇಷ್ಟೊಂದು ಸಿಟ್ಟು ಇರ್ಲಿಲ್ಲ ಕಣಪ್ಪ ಇದ್ರ ಮೊಕದಲ್ಲಿ.
ಕುಕ್ಕರ್ ಥರ ಬುಸ್ ಅಂತಿತ್ತು, ನಾನೇ ಕಿವಿ ಕೊಡ್ಲಿಲ್ಲ.
ಕಚ್ಚಿದ್ಮೇಲೆ ಬಾಯಿ ಮುಚ್ಕಂಡು ನೋಡ್ತಾ ಇತ್ತು,
ನನ್ನಂಗೇ ಗಾಬ್ರಿ ಬಿದ್ದು, ಓಡೋದೂ ಮರ್ತು.
ಅಷ್ಟೊತ್ಗೆ ನನ್ ಮೈದ ದೊಣ್ಣೆ ತಂದ.'

ಅವಳು ಬಸ್ಸಿಗೆ ಹೋದ ಮೇಲೆ ಸ್ಟವ್ ಹಚ್ಚಿ
ಮೇಣ ಮೆತ್ತಗೆ ಮಾಡಿದೆ. ಹುಬ್ಬು ಇಳಿಸಿದೆ.
ದವಡೆ ಮುಚ್ಚಿ ಹೊಸದಾಗಿ ಅಚ್ಚು ಹುಯ್ದೆ.
ಕಟ್ಟಿದ ಹಲ್ಲು ಬಿಸಾಕಲು ಮನಸ್ಸು ಬರಲಿಲ್ಲ:
ಮಂಡಲ ಹೇಗೆ ಮಡಿಸಿಟ್ಟುಕೊಳ್ಳುತ್ತದೋ ಹಾಗೇ
ಅಂಗುಳಕ್ಕೆ ಒರಗಿಸಿ, ಒಳಗೇ ಅಂಟಿಸಿ,
ತುಟಿಗೆರೆ ಸೇರಿಸಿಬಿಟ್ಟೆ.
ಯಾರಿಗೂ ಕಾಣುವುದಿಲ್ಲ.

ಡಾಕ್ಟರಮ್ಮ ಮುಖ ಗಂಟಿಕ್ಕಿದರು.
ಅಷ್ಟರಲ್ಲಿ ಟ್ರೈನಿಂಗಿಗೆ ಬಂದ ಹುಡುಗಿಯೊಬ್ಬಳು
ಫೈಲು ಹುಡುಕುತ್ತ ಅದರ ಪಕ್ಕ ಕೈಯಿಟ್ಟಳು.
ಕಿರುಚಲಿಲ್ಲ. ನಿಧಾನ, ಒಂದೊಂದೇ ಹೆಜ್ಜೆ,
ಹಿಂದೆ ಸರಿದಳು, ಕಣ್ಣು ಅದರ ಮೇಲೇ ಇಟ್ಟು.
ಡಾಕ್ಟರಮ್ಮ ಮತ್ತೆ ಮಾತಾಡಲಿಲ್ಲ.

ಬಿಲ್ಲು ಬೇಕಂದರು. ನನ್ನ ಪುಸ್ತಕದಲ್ಲಿ ಇರುವುದು ಒಂದೇ ನಮೂನೆ.
ಹೆಸರು: ಇಲ್ಲಿ ಪೆನ್ನು ತುಸು ಹೊತ್ತು ನಿಂತಿತು.
ಕೊಳಕುಮಂಡಲ, ವಾಸ ಕೊಣನೂರು.
ಮೇಲ್ದವಡೆ: ಎರಡು.
ಕೆಳದವಡೆ: ಇಲ್ಲ.

ದುಡ್ಡು ಇನ್ನೂ ಬಂದಿಲ್ಲ.
ಆಡಿಟ್ಟಿನವರು ಕೇಳುತ್ತಲೇ ಇದ್ದಾರೆ,
ಆ ಎರಡು ಎಲ್ಲಿ ಅಂತ.